ಗಂಗಾಂಬಿಕಾ ಎಳೆದ ಚಾವಣಿಗಳು

ಪ್ರವೀಣಕುಮಾರ್ ಬೀಸಿ ಒಗೆದ ಸ್ಟೀಲಿನ ಅಳತೆ ಟೇಪು ತಂಗಿಯ ಹುಬ್ಬಿಗೆ ಬಡಿಯಿತು. ಕೀಬೋರ್ಡಿನ ಮೇಲೆ ರಕ್ತ ತೊಟ್ಟಿಕ್ಕಿತು. ಗಂಗಾಂಬಿಕಾ ಮೊದಲು ಒರೆಸಿದ್ದು ಕೀಬೋರ್ಡನ್ನು, ಆಮೇಲೆ ಹುಬ್ಬನ್ನು.

“ಹರಪನಹಳ್ಳಿ ಗೋದಾಮಿನ ನಕ್ಷಿ ಇನ್ನೂ ಯಾಕ ಆಗಿಲ್ಲ? ಪಾರ್ಟಿ ಮುಂದ ನಾ ಏನಂತ ಹೇಳ್ಲಿ?”

“ಮೂಲಿ ತಿರುಗಿದ ಕಟ್ಟಡ ಐತಣ್ಣಾ. ಎರಡು ಚಾವಣಿ ಕೂಡೋ ಕಡೆ ಒಂದೊಂದೇ ಗೆರಿ ಕೈಯಿಂದ ಎಳೀಬೇಕಾಗತೈತಿ.”

“ಎಳಿ ಮತ್ತ. ಬಾಯಿ ಬ್ಯಾಡ.”

ಕೊಟ್ಟೂರಿನಿಂದ ಕೂಡ್ಲಿಗಿ ಕಡೆ ಹೋಗುವ ರಸ್ತೆಯಲ್ಲಿ, ಮೆಕ್ಕೆಜೋಳದ ಅಂಗಡಿಗಳ ಎದುರಿಗೆ ಪ್ರವೀಣಕುಮಾರನ ಕಬ್ಬಿಣದ ಯಾರ್ಡು. ಗೋದಾಮು, ದನದ ಶೆಡ್ಡು, ಕಲ್ಯಾಣಮಂಟಪ, ಯಾವುದಕ್ಕೆ ತಗಡಿನ ಚಾವಣಿ ಬೇಕೆಂದರೂ ಸುತ್ತಲಿನ ಜನ ಅವನ ಹತ್ತಿರ ಬರುತ್ತಿದ್ದರು. ಗಂಗಾಂಬಿಕಾ ದಾವಣಗೆರೆಯಲ್ಲಿ ಸಿವಿಲ್ ಡಿಪ್ಲೊಮಾ ಓದಿ, ಅಲ್ಲೇ ಮದುವೆಯಾಗಿ, ಒಬ್ಬ ಎಂಜಿನಿಯರರ ಕಚೇರಿಯಲ್ಲಿ ನಕ್ಷೆ ಬರೆದುಕೊಂಡು ಇದ್ದವಳು. ಕೊರೊನಾದ ಎರಡನೆಯ ಅಲೆಯಲ್ಲಿ ಗಂಡ ತೀರಿಕೊಂಡ. ಮಕ್ಕಳಿರಲಿಲ್ಲ. ತವರಿಗೆ ಬಂದಳು. ಅಣ್ಣ ಯಾರ್ಡಿನ ಮೂಲೆಯಲ್ಲಿ ಗಾಜಿನ ಕೋಣೆ ಮಾಡಿಸಿ, ಕಂಪ್ಯೂಟರ್ ಇಟ್ಟು ಕೂರಿಸಿದ. ಇದ್ದರೆ ಇಂಥ ಅಣ್ಣ ಇರಬೇಕು ಎಂದು ಊರವರು ಆಡಿಕೊಂಡರು. ಗಾಜಿನ ಒಳಗಡೆ ದಪ್ಪನೆಯ ಪರದೆಯೂ ಇತ್ತು. ಅದರ ಬಗ್ಗೆ ಯಾರೂ ಆಡಿಕೊಳ್ಳಲಿಲ್ಲ.

ಆ ಮನೆಯಲ್ಲಿ ಕೈ ಏಳುವುದು ಹೊಸದಲ್ಲ. ತಂದೆ ಬೆನಕಪ್ಪ ಉಸಿರಿರುವ ತನಕ ತಾಯಿ ಪಂಪಮ್ಮನನ್ನು ಹೊಡೆದ. ಉಪ್ಪು ಹೆಚ್ಚಾಯಿತೆಂದು ಹೊಡೆದ, ತವರಿನವರು ಬಂದರೆಂದು ಹೊಡೆದ, ಬರಲಿಲ್ಲವೆಂದೂ ಹೊಡೆದ. ಅವನು ಸತ್ತ ಮೇಲೆ ಮನೆ ಕೆಲಕಾಲ ತಣ್ಣಗಿತ್ತು. ಆಮೇಲೆ ಅಪ್ಪನ ಹೆಜ್ಜೆಯ ಸದ್ದು ಮಗನ ಕಾಲಿಗೆ ಬಂತು. ಗಿರಾಕಿಗಳ ಮುಂದೆ ಪ್ರವೀಣಕುಮಾರನಷ್ಟು ಮೆತ್ತಗಿನ ಮನುಷ್ಯ ಇಲ್ಲ. ಗಿರಾಕಿ ಗೇಟು ದಾಟಿದ ಮೇಲೆ ಕೈಗೆ ಸಿಕ್ಕಿದ್ದು ಗಾಳಿಯಲ್ಲಿ ಹಾರುತ್ತಿತ್ತು.

ಚಾವಣಿಯ ನಕ್ಷೆ ಎಂದರೆ ಒಂದೇ ಚಿತ್ರವಲ್ಲ. ಗೋಡೆಯಿಂದ ಗೋಡೆಗೆ ನಿಲ್ಲುವ ತ್ರಿಕೋನದ ಟ್ರಸ್ಸುಗಳು, ಅವುಗಳ ಮೇಲೆ ಅಡ್ಡ ಮಲಗಿ ತಗಡನ್ನು ಹೊರುವ ಪಟ್ಟಿಗಳು, ಕಲ್ಯಾಣಮಂಟಪವಾದರೆ ಕೆಳಗೆ ತಂತಿಯಿಂದ ನೇತಾಡುವ ಸೀಲಿಂಗಿನ ಚೌಕಟ್ಟು, ಅದರೊಳಗೆ ದೀಪಕ್ಕೆ, ಫ್ಯಾನಿಗೆ ಬಿಡುವ ಕಿಂಡಿಗಳು. ಕೊನೆಗೆ ಯಾವ ಪೈಪು ಎಷ್ಟುದ್ದ ಕೊಯ್ಯಬೇಕೆನ್ನುವ ಪಟ್ಟಿ. ಕಟ್ಟಡದ ಯಜಮಾನ ಒಂದು ಗೋಡೆಯನ್ನು ಗೇಣು ಸರಿಸಿದನೆಂದರೆ ಎಲ್ಲವನ್ನೂ ಮೊದಲಿನಿಂದ ಎಳೆಯಬೇಕು. ಎಳೆಯುವುದಕ್ಕೆ ಹೊತ್ತು ಬೇಕು. ಹೊತ್ತಾದರೆ ಏಟು.

ನಕ್ಷೆಯನ್ನು ತಾನಾಗಿ ಎಳೆಯುವ ಒಂದು ಪ್ರೋಗ್ರಾಮನ್ನು ಗಂಗಾಂಬಿಕಾ ಬರೆದದ್ದು ಜಾಣತನ ತೋರಿಸಲಿಕ್ಕಲ್ಲ, ಹೆದರಿಕೆಗೆ. ನಕ್ಷೆ ಬರೆಯುವ ಸಾಫ್ಟ್‌ವೇರಿನ ಒಳಗೇ ಸಣ್ಣ ಸಣ್ಣ ಆಜ್ಞೆಗಳನ್ನು ಜೋಡಿಸಿ, ಕೈಯಿಂದ ಮಾಡುವುದನ್ನು ತಾನಾಗಿಯೇ ಮಾಡಿಸಬಹುದೆಂದು ದಾವಣಗೆರೆಯಲ್ಲಿ ಕಲಿತಿದ್ದಳು. ಅಣ್ಣ ಊಟಕ್ಕೆ ಹೋಗಿ ಒಂದು ನಿದ್ದೆ ತೆಗೆದು ಬರುವ ಹೊತ್ತಿನಲ್ಲಿ ಅದಕ್ಕೆ ಕೂತಳು. ಮೊದಮೊದಲು ಟ್ರಸ್ಸುಗಳು ಗೋಡೆಯ ಹೊರಗೆ ಹೋಗಿ ನಿಂತವು. ಸೀಲಿಂಗಿನ ತಂತಿಗಳು ಯಾವ ಆಸರೆಯೂ ಇಲ್ಲದೆ ಬಯಲಿನಲ್ಲಿ ಜೋತುಬಿದ್ದವು. ಎರಡು ಚಾವಣಿ ಕೂಡುವ ಜಾಗದಲ್ಲಿ ಕಂಪ್ಯೂಟರಿನ ಪರದೆಯ ತುಂಬ ಜೇಡರ ಬಲೆಯಂತೆ ಗೆರೆಗಳು ಹೆಣೆದುಕೊಂಡವು. ಅವಳು ಬಿಡಲಿಲ್ಲ. ಮಳೆಗಾಲದ ಹೊತ್ತಿಗೆ ಅದು ಕೈಗೆ ಬಂತು. ಗೋಡೆಯ ಸುತ್ತುಗೆರೆಯನ್ನು ಮುಟ್ಟಿ, ಇಳಿಜಾರು ಎಷ್ಟೆಂದು ಬರೆದು ಗುಂಡಿ ಒತ್ತಿದರೆ ಟ್ರಸ್ಸು, ಅಡ್ಡಪಟ್ಟಿ, ಸೀಲಿಂಗು, ಕೊಯ್ಯುವ ಪಟ್ಟಿ ಎಲ್ಲವೂ ಕಣ್ಣೆದುರಿಗೆ ಎದ್ದು ನಿಲ್ಲುತ್ತಿದ್ದವು. ಗೋಡೆ ಸರಿಸಿದರೆ ಅವೂ ಸರಿಯುತ್ತಿದ್ದವು.

ಅಣ್ಣ ಕುರ್ಚಿಯ ಹಿಂದೆ ನಿಂತು ನೋಡಿದ.

“ಇನ್ನೊಮ್ಮೆ ಮಾಡು.”

ಮಾಡಿದಳು. ಅವನು ಗಟ್ಟಿಯಾಗಿ ನಕ್ಕು ಅವಳ ತಲೆಯ ಮೇಲೆ ಕೈಯಿಟ್ಟ. ಕೈ ಬಂದ ಕೂಡಲೇ ಅವಳ ಕುತ್ತಿಗೆ ತಾನಾಗಿ ಕುಗ್ಗಿತು. ಅವನು ಅದನ್ನು ಗಮನಿಸಲಿಲ್ಲ. ಅಲ್ಲಿಂದ ಮುಂದೆ ಬಹಳ ದಿನ ಅವಳ ಮೈಮೇಲೆ ಏಟು ಬೀಳಲಿಲ್ಲ. ಹುಬ್ಬಿನ ಗಾಯ ಮಾಯಿತು. ಇಷ್ಟೇ ಆಗಿದ್ದರೆ ಹೇಳಲಿಕ್ಕೆ ಕತೆಯೇ ಇರುತ್ತಿರಲಿಲ್ಲ.

ಯಾರ್ಡಿನಲ್ಲಿ ಹುಲುಗೇಶ ಎಂಬ ಮೇಸ್ತ್ರಿ ಇದ್ದ. ಕೂಡ್ಲಿಗಿ ಕಡೆಯ ಹಳ್ಳಿಯವನು, ಮುಂಗೋಪಿ, ಕೆಲಸದಲ್ಲಿ ಗಟ್ಟಿಗ. ನಕ್ಷೆ ಹೇಗೇ ಇರಲಿ, ಅವನು ಯಾರ್ಡಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಇಡೀ ಟ್ರಸ್ಸನ್ನು ಬರೆಯುತ್ತಿದ್ದ. ಆ ಗೆರೆಯ ಮೇಲೆ ಪೈಪಿಟ್ಟು ಅವನ ಹುಡುಗರು ಕೊಯ್ಯುತ್ತಿದ್ದರು. ಯಾರನ್ನು ಕೆಲಸಕ್ಕೆ ಕರೆಯಬೇಕು, ಯಾವಾಗ ವೆಲ್ಡಿಂಗ್ ಶುರುವಾಗಬೇಕು, ಎಲ್ಲ ಅವನ ಮಾತು. ಹಗರಿಬೊಮ್ಮನಹಳ್ಳಿಯ ಕಲ್ಯಾಣಮಂಟಪದ ಕೆಲಸಕ್ಕೆ ಪ್ರವೀಣಕುಮಾರ್ ಅವನನ್ನು ಕೇಳದೆ, ಗಂಗಾಂಬಿಕಾಳ ಕಂಪ್ಯೂಟರ್ ಕೊಟ್ಟ ಪಟ್ಟಿಯನ್ನು ಹೊರಗಿನ ಯಂತ್ರದವರಿಗೆ ಕಳಿಸಿ ಪೈಪು ಕೊಯ್ಯಿಸಿ ತಂದ. ತಂದದ್ದು ಮೇಲೇರಿತು. ತೂತಿಗೆ ತೂತು ಕೂತಿತು. ನಕ್ಷೆ ಸರಿಯಾಗಿತ್ತು. ಎಲ್ಲೋ ಒಂದು ಕಡೆ ತಪ್ಪಿದ್ದರೆ ಮುಂದಿನದು ಆಗುತ್ತಿರಲಿಲ್ಲವೇನೋ.

ಮರುವಾರ ಹುಲುಗೇಶ ನೆಲದ ಮೇಲೆ ಕೂತು ಸುಣ್ಣದ ಗೆರೆ ಎಳೆಯುತ್ತಿದ್ದಾಗ ಪ್ರವೀಣಕುಮಾರ್ ಬಂದು ಬೂಟುಗಾಲಿನಿಂದ ಅದನ್ನು ಅಳಿಸಿದ.

“ಇದೆಲ್ಲ ಇನ್ನ ಬ್ಯಾಡ. ನಿನ್ನ ಗ್ಯಾಂಗೂ ಬ್ಯಾಡ. ಬೋಲ್ಟು ತಿರುವಾಕ ದಿನಗೂಲಿ ಆಳು ಸಾಕು.”

“ನನಗ ಒಂದು ಮಾತು ಹೇಳಬೇಕಿತ್ತಲ್ರೀ ಸಾವಕಾರ್ರ. ಹುಡುಗ್ರು ನನ್ನ ನಂಬಿ ಬಂದಾರ.”

“ನಿನಗೇನು ಹೇಳೋದು? ಯಾರ್ಡು ನಿಂದೋ ನಂದೋ?”

“ಯಾರ್ಡು ನಿಮ್ದು. ಕೈ ನಮ್ಮವು.”

ಪ್ರವೀಣಕುಮಾರ್ ಅವನ ಕೆನ್ನೆಗೆ ಬಾರಿಸಿದ. ಹುಡುಗರೆಲ್ಲ ನಿಂತು ನೋಡುತ್ತಿದ್ದರು. ಹುಲುಗೇಶ ಮುಷ್ಟಿ ಬಿಗಿದ, ಆದರೆ ಎತ್ತಲಿಲ್ಲ. ಬಾಯೊಳಗಿನ ರಕ್ತವನ್ನು ಸುಣ್ಣದ ಮೇಲೆ ಉಗುಳಿ ಗಾಜಿನ ಕೋಣೆಯ ಕಡೆ ತಿರುಗಿ ನೋಡಿದ. ಗಂಗಾಂಬಿಕಾ ಎದ್ದು ಪರದೆ ಎಳೆದಳು. ಅಂದು ಬಿದ್ದ ಏಟು ತನಗಲ್ಲವಲ್ಲ ಎಂದು ಅವಳ ಎದೆ ಹಗುರಾಯಿತು. ಆಮೇಲೆ ಬಹಳ ಸಲ ಅವಳನ್ನು ಸುಟ್ಟದ್ದು ಆ ಹಗುರವೇ.

ಕೆಲಸ ಕಳೆದುಕೊಂಡ ಹುಲುಗೇಶ ಒಂದು ಮಧ್ಯಾಹ್ನ ಯಾರ್ಡಿಗೆ ವಾಪಸು ಬಂದ. ಅಣ್ಣ ಊಟಕ್ಕೆ ಹೋಗಿದ್ದ. ಬಾಗಿಲು ಒದ್ದ ಸದ್ದಿಗೆ ಗಂಗಾಂಬಿಕಾ ತಿರುಗಿದಳು. ಅವನ ಕೈಯಲ್ಲಿ ಮೊಳದುದ್ದದ ಕಬ್ಬಿಣದ ಆ್ಯಂಗಲ್ ಇತ್ತು. ಕುಡಿದಿದ್ದ.

“ಏಳಬೇ ಆಕಡೆ.”

ಬೀಸಿದ ಮೊದಲ ಏಟಿಗೆ ಗಾಜಿನ ಗೋಡೆ ಪುಡಿಪುಡಿಯಾಗಿ ಅವಳ ಮಡಿಲಿಗೆ ಸುರಿಯಿತು. ಎರಡನೆಯದಕ್ಕೆ ಪ್ರಿಂಟರ್ ಹೋಳಾಯಿತು. ಮೂರನೆಯದನ್ನು ಅವನು ಕಂಪ್ಯೂಟರಿನ ಮೇಲೆ ಎತ್ತಿದಾಗ ಅವಳು ಓಡಿಹೋಗಬಹುದಿತ್ತು. ಬಾಗಿಲು ತೆರೆದೇ ಇತ್ತು. ಓಡಲಿಲ್ಲ. ಕಂಪ್ಯೂಟರಿಗೆ ಅಡ್ಡಬಿದ್ದು ಕೈ ಮೇಲೆತ್ತಿದಳು. ಆ್ಯಂಗಲ್ ಬಲ ಮುಂಗೈ ಮೇಲೆ ಬಿತ್ತು. ಹಸಿ ಕಟ್ಟಿಗೆ ಮುರಿದಂಥ ಸದ್ದು. ಹುಲುಗೇಶ ತನ್ನ ಕೈಯಲ್ಲಿದ್ದುದನ್ನು ಈಗ ತಾನೇ ಕಂಡವನಂತೆ ನೋಡಿ, ಅದನ್ನು ಅಲ್ಲೇ ಬಿಸಾಕಿ ರಸ್ತೆಗೆ ಓಡಿದ.

ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ತಂಗಿಯನ್ನು ಪ್ರವೀಣಕುಮಾರ್ ಪೊಲೀಸ್ ಠಾಣೆಗೆ ಕಳಿಸಲಿಲ್ಲ.

“ಕಂಪ್ಲೇಂಟು ಗಿಂಪ್ಲೇಂಟು ಏನೂ ಬ್ಯಾಡ. ನಾ ನೋಡ್ಕೋತೀನಿ,” ಅಂದ.

ಅವನು ನೋಡಿಕೊಂಡದ್ದು ಹೀಗೆ. ಮೂರ್ನಾಲ್ಕು ದಿನ ಬಿಟ್ಟು ಒಂದು ಬೆಳಿಗ್ಗೆ ಗಂಗಾಂಬಿಕಾಳನ್ನು ಯಾರ್ಡಿಗೆ ಕರೆದೊಯ್ದು, ನೆರಳಿನಲ್ಲಿ ಕುರ್ಚಿ ಹಾಕಿಸಿ ಕೂರಿಸಿದ. ಕೂಡ್ಲಿಗಿ ಬಸ್ ನಿಲ್ದಾಣದಲ್ಲಿ ಹಿಡಿದು ತಂದ ಹುಲುಗೇಶನನ್ನು ಇಬ್ಬರು ಆಳುಗಳು ಗೂಡ್ಸ್ ಆಟೋದಿಂದ ಎಳೆದು ಕೆಡವಿದರು. ಕೈ ಹಿಂದಕ್ಕೆ ಕಟ್ಟಿತ್ತು. ಗೇಟು ಹಾಕಿದರು.

“ನೋಡು ತಂಗೀ,” ಅಂದ ಪ್ರವೀಣಕುಮಾರ್. “ನಿನ್ನ ಕೈ ಮುರಿದವನ ಗತಿ ಏನಾಗತೈತಿ ನೋಡು.”

ಅವನು ಆರಿಸಿಕೊಂಡದ್ದು ಪೊಳ್ಳು ಪೈಪು. ಮೊದಲ ಏಟಿಗೆ ಹುಲುಗೇಶ ಬೈದ. ಮುಂದಿನದಕ್ಕೆ ತಾಯಿಯನ್ನು ಕರೆದ. ಮೊಣಕಾಲಿನ ಚಿಪ್ಪು ಒಡೆದಾಗ ಅವನ ಬಾಯಿಂದ ಬಂದದ್ದು ಮನುಷ್ಯರ ದನಿಯಾಗಿರಲಿಲ್ಲ. ಪೈಪು ಬಗ್ಗಿತು. ಪ್ರವೀಣಕುಮಾರ್ ಅದನ್ನು ಬಿಸಾಕಿ ಇನ್ನೊಂದನ್ನು ಎತ್ತಿಕೊಂಡ. ಆ ನಡುವಿನ ಕ್ಷಣದಲ್ಲಿ ಅವನ ಮುಖದ ಮೇಲಿದ್ದ ಸಮಾಧಾನವನ್ನು ಗಂಗಾಂಬಿಕಾ ನೋಡಿದಳು. ತನ್ನ ಕೈ ಮುರಿದದ್ದಕ್ಕೆ ಬಂದ ಸಿಟ್ಟು ಅಲ್ಲಿರಲಿಲ್ಲ. ಹಸಿದವನು ಊಟಕ್ಕೆ ಕೂತಂತೆ ಇದ್ದ.

“ಸಾಕಣ್ಣಾ,” ಅಂದಳು. ಅವನಿಗೆ ಕೇಳಲಿಲ್ಲ. “ಸಾಕು, ಸತ್ತಾನು!” ಎಂದು ಕಿರುಚಿದಳು. ಒಬ್ಬ ಆಳು ಅವಳ ಕಡೆ ನೋಡಿ ತಲೆ ತಗ್ಗಿಸಿದ. ಎದ್ದು ಗೇಟಿನ ಕಡೆ ಓಡಿದಳು. ಅಗುಳಿ ಗಡುಸಾಗಿತ್ತು, ಒಂದೇ ಕೈ. ಭುಜ ಕೊಟ್ಟು ನೂಕಿ ತೆಗೆದು ರಸ್ತೆಗೆ ಬಿದ್ದು, ಎದುರಿನ ಮೆಕ್ಕೆಜೋಳದ ಅಂಗಡಿಯವರನ್ನು ಕೂಗಿದಳು.

“ಬರ್ರೋ ಯಾರಾರ! ಕೊಲ್ಲಾಕತ್ತಾನ ಬರ್ರೋ!”

ಹಮಾಲರು ಚೀಲ ಇಳಿಸಿ ಓಡಿ ಬಂದರು. ಅಷ್ಟು ಜನರನ್ನು ಕಂಡು ಪ್ರವೀಣಕುಮಾರ್ ಪೈಪು ಕೆಳಗಿಟ್ಟ. “ಟ್ರಸ್ಸಿನ ಮ್ಯಾಲಿಂದ ಬಿದ್ದಾನ್ರಿ, ಪಾಪ,” ಅಂದ, ಗಿರಾಕಿಗಳ ಮುಂದೆ ಮಾತಾಡುವ ಆ ಮೆತ್ತಗಿನ ದನಿಯಲ್ಲಿ.

ಹುಲುಗೇಶನನ್ನು ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಸಾಗಿಸಿದರು. ಸಂಜೆಯೊಳಗೆ ಗಂಗಾಂಬಿಕಾ ಒಬ್ಬಳೇ ನಡೆದು ಠಾಣೆಗೆ ಹೋದಳು. ಎರಡು ದೂರು ಕೊಡಬೇಕೆಂದಳು. ಒಂದು, ತನ್ನ ಕೈ ಮುರಿದ ಹುಲುಗೇಶನ ಮೇಲೆ. ಇನ್ನೊಂದು, ಅವನ ಕಾಲು ಮುರಿದ ಅಣ್ಣನ ಮೇಲೆ. ಸಬ್‌ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟ.

“ಅಲ್ರೀ ಅಮ್ಮಾ, ನೀವು ಯಾರ ಕಡೆ?”

“ಯಾರ ಕಡೀನೂ ಅಲ್ರಿ. ಆಗಿದ್ದು ಹೇಳಾಕತ್ತೀನಿ, ಬರಕೊಳ್ರಿ.”

ಪ್ರವೀಣಕುಮಾರನನ್ನು ಹಿಡಿದರು, ವಾರ ಕಳೆಯುವುದರೊಳಗೆ ಜಾಮೀನು ಸಿಕ್ಕಿತು. ಅವನು ಮನೆಗೆ ಬಂದಾಗ ಅಡುಗೆಮನೆಯಲ್ಲಿ ಪಂಪಮ್ಮ ರೊಟ್ಟಿಗೆ ಎಸರು ಇಟ್ಟಿದ್ದಳು. ಜೋಳದ ಹಿಟ್ಟು ಪರಾತದಲ್ಲಿ ಸಿದ್ಧವಾಗಿತ್ತು. ಗಂಗಾಂಬಿಕಾ ಒಂದೇ ಕೈಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ಅವನು ನೇರವಾಗಿ ಬಂದು ತಂಗಿಯ ಜಡೆ ಹಿಡಿದು ಎಳೆದು ಗೋಡೆಗೆ ಹಣೆ ಜಜ್ಜಿದ. ಅವಳು ನೆಲಕ್ಕೆ ಬಿದ್ದ ಮೇಲೆ ಪ್ಲಾಸ್ಟರಿನ ಕೈಯನ್ನು ತುಳಿದ.

“ಅನ್ನ ಹಾಕಿದವನ್ನ ಜೈಲಿಗೆ ಕಳಿಸ್ತೀಯೇನಲೇ? ನನ್ನ ಮನ್ಯಾಗ ಇದ್ದು?”

ಅವಳಿಗೆ ಉಸಿರು ಸಿಕ್ಕಲಿಲ್ಲ. ಕಣ್ಣೆದುರಿಗೆ ಅವನ ಹಿಮ್ಮಡಿ ಮಾತ್ರ ಕಾಣುತ್ತಿತ್ತು. ಅದು ಮತ್ತೆ ಮೇಲೆದ್ದಿತು. ಆಗಲೇ ಅವನು ಕೂಗಿಕೊಂಡದ್ದು. ಪಂಪಮ್ಮ ಒಲೆಯ ಮೇಲಿನ ಕುದಿಯುವ ಎಸರನ್ನು ಪಾತ್ರೆ ಸಮೇತ ಎತ್ತಿ ಮಗನ ಬೆನ್ನ ಮೇಲೆ ಸುರಿದಿದ್ದಳು. ಅಂಗಿ ಚರ್ಮಕ್ಕೆ ಅಂಟಿಕೊಂಡಿತು. ಅವನು ಬಾಗಿಲಿಗೆ ಬಡಿದುಕೊಂಡು, ಅಂಗಿ ಕಿತ್ತುಕೊಳ್ಳುತ್ತ ಅಂಗಳಕ್ಕೆ ಓಡಿದ.

ಪಂಪಮ್ಮ ಖಾಲಿ ಪಾತ್ರೆ ಹಿಡಿದು ನಿಂತಿದ್ದಳು.

“ಇದನ್ನ ನಿಮ್ಮಪ್ಪಗ ಹಾಕಬೇಕಿತ್ತು,” ಅಂದಳು. “ಭಾಳ ತಡ ಮಾಡಿದೆ.”

ತಾಯಿ ಮಗಳು ಉಟ್ಟ ಸೀರೆಯಲ್ಲೇ ಹೂವಿನ ಹಡಗಲಿಯ ಬಸ್ಸು ಹತ್ತಿದರು. ಅಲ್ಲಿ ಪಂಪಮ್ಮನ ದೂರದ ಸಂಬಂಧಿ ಗಂಗಾಧರ ಎಂಬವನು ಕಟ್ಟಡಗಳ ಕಂತ್ರಾಟು ಮಾಡುತ್ತಿದ್ದ. ಗಂಗಾಂಬಿಕಾಳ ಊದಿದ ಹಣೆ ನೋಡಿ ಅವನು ಏನನ್ನೂ ಕೇಳಲಿಲ್ಲ. ಬಾಡಿಗೆಗೆ ಒಂದು ಮನೆ ತೋರಿಸಿದ, ಕಚೇರಿಯಲ್ಲಿ ಒಂದು ಕಂಪ್ಯೂಟರ್ ತೋರಿಸಿದ. ಅಣ್ಣ ತುಳಿದು ಮತ್ತೆ ಮುರಿದ ಕೈ ಎರಡನೆಯ ಸಲ ಕೂಡಿದ್ದು ಸ್ವಲ್ಪ ಸೊಟ್ಟಗೆ. ಪ್ರೋಗ್ರಾಮು ಕೊಟ್ಟೂರಿನಲ್ಲೇ ಉಳಿದಿತ್ತು. ಎಡಗೈಯಲ್ಲಿ ಒಂದೊಂದೇ ಅಕ್ಷರ ಒತ್ತುತ್ತ ಅದನ್ನು ಮೊದಲಿನಿಂದ ಬರೆದಳು. ಆದರೆ ಈ ಸಲ ಒಂದು ಬದಲಾವಣೆ ಮಾಡಿದಳು. ಗುಂಡಿ ಒತ್ತಿದರೆ ಟ್ರಸ್ಸು, ಸೀಲಿಂಗು ಏಳುತ್ತವೆ. ಕೊಯ್ಯುವ ಪಟ್ಟಿ ಮಾತ್ರ ಬರುವುದಿಲ್ಲ. ಚಾವಣಿ ಕಟ್ಟುವ ಮೇಸ್ತ್ರಿ ಜಾಗದಲ್ಲಿ ನಿಂತು ಅಳೆದು ತಂದ ಅಳತೆಗಳನ್ನು ತುಂಬಿದ ಮೇಲೆಯೇ ಅದು ಬಾಯಿ ಬಿಡುತ್ತದೆ. ಮಾಗಳದ ಹೊಳೆದಂಡೆಯ ಒಂದು ಗೋದಾಮಿಗೆ ಹೀಗೆ ಮಾಡಿದಾಗ ಗಂಗಾಧರ ಗೊಣಗಿದ.

“ಇದರಿಂದ ಎರಡು ದಿನ ಲೇಟಾಗತೈತಲ್ವಾ.”

“ಆಗ್ಲಿ ಬಿಡ್ರಿ,” ಅಂದಳು.

ಅಣ್ಣನ ಮೇಲಿನ ಕೇಸು ಕೂಡ್ಲಿಗಿ ಕೋರ್ಟಿನಲ್ಲಿ ನಡೆಯಿತು. ಗಂಗಾಂಬಿಕಾ ಕಟಕಟೆಯಲ್ಲಿ ನಿಂತು ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಹಮಾಲರು, ತಾವು ಬರುವಾಗ ಎಲ್ಲ ಮುಗಿದಿತ್ತು ಅಂದರು. ಹುಲುಗೇಶ ಊರುಗೋಲಿನ ಮೇಲೆ ಬಂದು, ನ್ಯಾಯಾಧೀಶರ ಮುಖ ನೋಡದೆ, “ಟ್ರಸ್ಸಿನ ಮ್ಯಾಲಿಂದ ಬಿದ್ದೆ ಸ್ವಾಮಿ,” ಅಂದ. ಪ್ರವೀಣಕುಮಾರ್ ಹುಲುಗೇಶನ ಹೆಂಡತಿ ಹೊನ್ನೂರಮ್ಮನ ಹತ್ತಿರ ಹೋಗಿ ದುಡ್ಡು ಕೊಟ್ಟು ರಾಜಿ ಮಾಡಿಕೊಂಡಿದ್ದಾನೆಂದು ಕೋರ್ಟಿನ ಅಂಗಳದಲ್ಲಿ ಎಲ್ಲರಿಗೂ ಗೊತ್ತಿತ್ತು. ಕೇಸು ಬಿದ್ದುಹೋಯಿತು.

ಹೊರಗೆ ಬೇವಿನ ಮರದ ಕೆಳಗೆ ಹುಲುಗೇಶ ಕೂತಿದ್ದ. ಪಕ್ಕದಲ್ಲಿ ಹೊನ್ನೂರಮ್ಮ ನಿಂತಿದ್ದಳು. ಗಂಗಾಂಬಿಕಾ ದಾಟಿ ಹೋಗುವವಳಿದ್ದಳು.

“ಅಕ್ಕಾರ,” ಎಂದು ಹೊನ್ನೂರಮ್ಮ ಕರೆದಳು. “ನನ್ನ ಬಯ್ಯಬ್ಯಾಡ್ರಿ. ಇವ ಇನ್ನ ಮೇಲೆ ಏಣಿ ಏರಾಂಗಿಲ್ಲ. ಒಲಿ ಹೊತ್ತಬೇಕಲ್ರಿ.”

“ಬಯ್ಯಲ್ಲ ಬಿಡವ್ವಾ.”

ಹುಲುಗೇಶ ತಲೆ ಎತ್ತಿದ. “ಕೈ ಹೆಂಗೈತಿ?”

“ಥಂಡಿಗೆ ನೋಯ್ತೈತಿ. ಕಾಲು?”

“ಅದಕ್ಕ ಥಂಡಿ ಬ್ಯಾಡ, ಸುಮ್ನ ನೋಯ್ತೈತಿ.” ಊರುಗೋಲನ್ನು ಪಕ್ಕಕ್ಕೆ ಸರಿಸಿದ. “ನಿನ್ನ ಹೊಡೀಬೇಕಂತ ಬಂದಿದ್ದಿಲ್ಲಬೇ ನಾನು. ಆ ಡಬ್ಬಿ ಒಡೀಬೇಕಂತ ಬಂದಿದ್ದೆ. ಬಾಗಿಲ ತೆರದಿತ್ತು. ಓಡಿ ಹೋಗೋದು ಬಿಟ್ಟು ಯಾಕ ಅಡ್ಡ ಬಂದಿ? ಅಣ್ಣನ ಸಾಮಾನಿನ ಮ್ಯಾಲೆ ಅಷ್ಟು ಪ್ರೀತಿನಾ?”

“ಅದು ಒಡೆದ್ರ ಅವ ನನ್ನ ಹೊಡೀತಿದ್ದ.”

ಹುಲುಗೇಶನಿಗೆ ಅರ್ಥವಾಗಲು ಹೊತ್ತು ಹಿಡಿಯಿತು.

“ನಿನ್ನೂ ಹೊಡೀತಿದ್ನಾ?”

“ಅದಕ್ಕ ಹೆದರೇ ಆ ಪ್ರೋಗ್ರಾಮು ಬರದಿದ್ದು. ನಕ್ಷಿ ಬ್ಯಾಗ ಆದ್ರ ಏಟು ತಪ್ಪತಾವಂತ. ನನಗ ತಪ್ಪಿದ್ವು. ನಿನಗ ಬಿದ್ವು.”

ಅವನು ಅವಳನ್ನೇ ನೋಡಿದ. ಕ್ಷಮೆ ಕೇಳಲಿಲ್ಲ, ಅವಳೂ ಕೇಳಲಿಲ್ಲ. ಹೊನ್ನೂರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹುಲುಗೇಶನ ಮೇಲಿದ್ದ ತನ್ನ ದೂರಿಗೆ ಗಂಗಾಂಬಿಕಾ ಅದೇ ದಿನ ರಾಜಿ ಎಂದು ಸಹಿ ಹಾಕಿ ಹಡಗಲಿಯ ಬಸ್ಸು ಹತ್ತಿದಳು.

ಮುಂದೆ ಕೊಟ್ಟೂರಿನಿಂದ ಸುದ್ದಿ ಬಂತು. ಪ್ರವೀಣಕುಮಾರ್ ಗಾಜಿನ ಕೋಣೆಯನ್ನು ಮತ್ತೆ ಕಟ್ಟಿಸಿದ್ದಾನೆ, ಹಳೆಯ ಪ್ರೋಗ್ರಾಮನ್ನು ಓಡಿಸಲಿಕ್ಕೆ ಮೈಲಮ್ಮ ಎಂಬ ಹುಡುಗಿಯನ್ನು ಇಟ್ಟುಕೊಂಡಿದ್ದಾನೆ. ಬಾಗಳಿ ಕಡೆಯವಳು, ಈಗಷ್ಟೇ ಡಿಪ್ಲೊಮಾ ಮುಗಿಸಿದವಳು. ಗಂಗಾಂಬಿಕಾ ಹೇಗೋ ಅವಳ ನಂಬರು ಪಡೆದು ಫೋನ್ ಮಾಡಿದಳು. ಹುಡುಗಿ ಖುಷಿಯಿಂದ ಮಾತಾಡಿದಳು. ಕೆಲಸ ಚೆನ್ನಾಗಿದೆ, ಎರಡು ಚಾವಣಿ ಕೂಡುವ ಕಡೆ ಮಾತ್ರ ಒಮ್ಮೊಮ್ಮೆ ಗೆರೆ ಗಂಟಾಗುತ್ತವೆ ಎಂದಳು. ಅದನ್ನು ಬಿಡಿಸುವುದು ಹೇಗೆಂದು ಗಂಗಾಂಬಿಕಾ ಹೇಳಿಕೊಟ್ಟಳು. ಆಮೇಲೆ ಕೇಳಿದಳು:

“ಸಾವಕಾರ ಏನರ ಅಂತಾನೇನು? ಕೈ ಗೀ ಎತ್ತತಾನಾ?”

ಹುಡುಗಿಯ ದನಿ ತಗ್ಗಿತು.

“ಇನ್ನೂ ಎತ್ತಿಲ್ರಿ.”

“ಎತ್ತಿದ ದಿನ ನನಗ ಹೇಳು.”

ಜೋಳದ ಸುಗ್ಗಿಯ ಹೊತ್ತಿಗೆ ಒಂದು ಮಧ್ಯಾಹ್ನ ಆ ನಂಬರಿನಿಂದ ಫೋನು ಬಂತು. ಹುಡುಗಿ ಅಳುತ್ತಿರಲಿಲ್ಲ, ಅವಳ ಉಸಿರು ಮಾತ್ರ ಕೇಳುತ್ತಿತ್ತು.

“ಅಕ್ಕಾರ, ಸಾವಕಾರ್ರು ಸ್ಟೂಲ್ ಒಗದ್ರು. ತಪ್ಪಿಸ್ಕೊಂಡೆ. ಈಗ ಊಟಕ್ಕ ಹೋಗ್ಯಾರ. ಬರೋದ್ರಾಗ ನಕ್ಷಿ ಮುಗಿಸು ಅಂದಾರ.”

“ಮುಗಿಸಬ್ಯಾಡ. ಚೀಲ ತಗೋ, ಎದ್ದು ಹೊರಗ ಬಾ. ಎದುರಿಗೆ ಮೆಕ್ಕಿಜೋಳದ ಅಂಗಡಿ ಐತಿ, ಜನ ಇರೋ ಕಡೆ ನಿಂದ್ರು. ಹಡಗಲಿ ಬಸ್ಸು ಬರತೈತಿ.”

“ಕೆಲಸ ಅರ್ಧ ಆಗೈತ್ರಿ.”

“ಆಗಿರ್ಲಿ. ಎದ್ದಿ ಏನು?”

ಫೋನಿನಲ್ಲಿ ಕುರ್ಚಿ ಸರಿದ ಸದ್ದು, ಚಪ್ಪಲಿಯ ಸದ್ದು, ಆಮೇಲೆ ರಸ್ತೆಯ ಲಾರಿಗಳ ಸದ್ದು ಕೇಳಿಸಿತು. ಗಂಗಾಂಬಿಕಾ ಫೋನು ಇಡದೆ, ಬಸ್ಸು ಬಂತು, ಹತ್ತಿದೆ, ಸೀಟು ಸಿಕ್ಕಿತು ಎಂದು ಹುಡುಗಿ ಹೇಳುವ ತನಕ ಸೊಟ್ಟಗೈಯಲ್ಲಿ ಅದನ್ನು ಕಿವಿಗೊತ್ತಿಕೊಂಡೇ ನಿಂತಿದ್ದಳು. ಆಮೇಲೆ ಗಂಗಾಧರನ ಕೋಣೆಗೆ ಹೋಗಿ, ನಾಳೆಯಿಂದ ಇನ್ನೊಂದು ಕುರ್ಚಿ ಬೇಕು ಅಂದಳು.